ನೆತ್ತರಿನ ಲೆಕ್ಕ ಬರೆದ ಜೆ.ಬಿ.ಎಸ್. ಹಾಲ್ಡೇನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕು ಎಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಹತ್ತನೇ ತರಗತಿಯ ಕರಿಹಲಗೆ. ನಮ್ಮ ವಿಜ್ಞಾನ ಮಾಸ್ಟ್ರು ಅದರ ಮೇಲೆ ನಾಲ್ಕು ಚೌಕ ಎಳೆದು ಮೆಂಡೆಲನ ಬಟಾಣಿ ಗಿಡಗಳನ್ನು ಉದ್ದ, ಗಿಡ್ಡ ಎಂದು ತುಂಬಿಸುತ್ತಿದ್ದರು. ಮೂರಕ್ಕೆ ಒಂದು ಎಂಬ ಉತ್ತರ ಬಂದರೆ ಅಂಕ ಖಂಡಿತ. ಅಷ್ಟಕ್ಕೇ ನಮ್ಮ ಮತ್ತು ಮೆಂಡೆಲನ ಸಂಬಂಧ ಮುಗಿಯಿತು ಎಂದುಕೊಂಡಿದ್ದೆ. ಕಾಪು ಮತ್ತು ಕಾರ್ಕಳದ ನಡುವಿನ ಈ ಊರಿನಲ್ಲಿ ಆ ಲೆಕ್ಕ ಯಾರಿಗೆ ಬೇಕು?

ಗುರುಗಳ ಬಗ್ಗೆ, ಶಾಲೆ ಕಟ್ಟಿದ ಹಿರಿಯರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಬಹಳ ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಕೊಂಡ ಒಬ್ಬ ವಿಜ್ಞಾನಿಯ ಬಗ್ಗೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದ ಪ್ರಜೆಯಾಗಿ ಸತ್ತ ಜೆ.ಬಿ.ಎಸ್. ಹಾಲ್ಡೇನ್. ಆ ಕರಿಹಲಗೆಯ ಲೆಕ್ಕವನ್ನು ಬಟಾಣಿಯಿಂದ ಎತ್ತಿ ಮನುಷ್ಯನ ಮನೆಯೊಳಗೆ ತಂದವರಲ್ಲಿ ಮುಖ್ಯರು ಅವರು. ನಮ್ಮ ಮನೆಯೊಳಕ್ಕೂ ಅದು ಬಂತು. ಅದನ್ನು ಕೊನೆಗೆ ಹೇಳುತ್ತೇನೆ.

ಬಿ.ಇ. ಮುಗಿಸಿದ ಮೇಲೆ ಬೆಂಗಳೂರಿನಲ್ಲಿ ಕೆಲವು ವರ್ಷ ಬ್ಯಾಂಕುಗಳಿಗೆ ತಂತ್ರಾಂಶ ಬರೆದುಕೊಂಡಿದ್ದ ನಾನು ಈಗ ಮಣಿಪಾಲದಲ್ಲಿ ಡಿಎನ್‌ಎ ಮಾಹಿತಿಯನ್ನು ವಿಶ್ಲೇಷಿಸುವ ತಂತ್ರಾಂಶದ ಕೆಲಸದಲ್ಲಿದ್ದೇನೆ. ನಾಲ್ಕೇ ಅಕ್ಷರಗಳ ಒಂದು ಲಿಪಿ. ಅದರಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರಗಳ ಪುಸ್ತಕ ಒಬ್ಬ ಮನುಷ್ಯ. ಎರಡು ಪುಸ್ತಕಗಳನ್ನು ಹೋಲಿಸಿ ಎಲ್ಲಿ ವ್ಯತ್ಯಾಸ ಇದೆ, ಆ ವ್ಯತ್ಯಾಸ ರೋಗದ ಜೊತೆಗೆ ಬರುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕುವುದು ಆ ತಂತ್ರಾಂಶದ ಕೆಲಸ. ಅದರಲ್ಲಿ ಹಾಲ್ಡೇನ್ ಎಂಬ ಹೆಸರಿನ ಒಂದು ಪುಟ್ಟ ಸೂತ್ರ ಇತ್ತು. ಒಂದು ವರ್ಷ ಅದನ್ನು ಬಳಸಿದ ಮೇಲೆ ಈ ಹಾಲ್ಡೇನ್ ಯಾರು ಎಂದು ಹುಡುಕಿದೆ. ಅಷ್ಟು ತಡವಾಗಿ ಹುಡುಕಿದ್ದಕ್ಕೆ ಈಗಲೂ ನಾಚಿಕೆಯಿದೆ.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಸಂಶೋಧನೆ ಮಾಡಿದ ದೊಡ್ಡ ವಿಜ್ಞಾನಿ. ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದಿಂದ ಕಾರ್ಮಿಕರು ಸಾಯುವುದನ್ನು ತಡೆಯಲು ಪುಟ್ಟ ಹಕ್ಕಿಗಳನ್ನು ಒಳಗೆ ಒಯ್ಯಬೇಕೆಂದು ಸೂಚಿಸಿದವರು. ಅವರು ಮಗನನ್ನೂ ಗಣಿಯೊಳಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಮೀಥೇನ್ ಅನಿಲ ತುಂಬಿದ ಜಾಗದಲ್ಲಿ ಹುಡುಗನನ್ನು ನಿಲ್ಲಿಸಿ, ಶೇಕ್ಸ್‌ಪಿಯರನ ನಾಟಕದ ಒಂದು ಭಾಷಣ ಹೇಳು ಎಂದರಂತೆ. ನಾಲ್ಕು ಮಾತು ಹೇಳುವಷ್ಟರಲ್ಲಿ ಹುಡುಗನಿಗೆ ಉಸಿರು ಕಟ್ಟಿ ಕಾಲು ಕುಸಿಯಿತು. ನೆಲದ ಮೇಲೆ ಬಿದ್ದ ಕೂಡಲೇ ಉಸಿರು ಸರಾಗವಾಯಿತು. ಆ ಅನಿಲ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತದೆ ಎಂಬ ಪಾಠ ಆಯಿತು. ಇಂದಿನ ತಂದೆತಾಯಿ ಹೀಗೆ ಕಲಿಸಿದರೆ ಪೊಲೀಸ್ ಠಾಣೆಗೆ ಹೋಗಬೇಕಾದೀತು. ಆದರೆ ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಅಭ್ಯಾಸ ಮಗನಿಗೆ ಅಲ್ಲಿಂದಲೇ ಬಂತು.

1901ರಲ್ಲಿ, ಎಂಟು ವರ್ಷದ ಮಗನನ್ನು ತಂದೆ ಒಂದು ಉಪನ್ಯಾಸಕ್ಕೆ ಕರೆದೊಯ್ದರು. ಹಿಂದಿನ ವರ್ಷವಷ್ಟೇ ಲೋಕ ಮತ್ತೆ ಗುರುತಿಸಿದ್ದ ಮೆಂಡೆಲನ ನಿಯಮಗಳ ಬಗ್ಗೆ. ನಾವು ಹತ್ತನೇ ತರಗತಿಯಲ್ಲಿ ಕೇಳಿದ್ದನ್ನು ಅವರು ಮೂರನೇ ತರಗತಿಯ ವಯಸ್ಸಿನಲ್ಲಿ ಕೇಳಿದರು. ತಂಗಿ ನವೋಮಿ ಮನೆಯಂಗಳದಲ್ಲಿ ಗಿನಿಯಿಲಿಗಳನ್ನು ಸಾಕತೊಡಗಿದಾಗ ಅಣ್ಣ-ತಂಗಿ ಸೇರಿ ಅವುಗಳ ಮರಿಗಳ ಬಣ್ಣ ಲೆಕ್ಕ ಹಾಕಿದರು. ಮುಂದೆ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಎರಡು ಗುಣಗಳು ಬೇರೆಬೇರೆಯಾಗಿ ಹಂಚಿಹೋಗುವ ಬದಲು ಒಂದರ ಕೈಹಿಡಿದು ಇನ್ನೊಂದು ಬರುತ್ತವೆ ಎಂದು ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಮೊದಲಿಗೆ ತೋರಿಸಿದ್ದು ಇವರೇ. ಜೊತೆಗಿದ್ದ ಗೆಳೆಯ ಸ್ಪ್ರಂಟ್ ಮೊದಲ ಮಹಾಯುದ್ಧದಲ್ಲಿ ಸತ್ತರು. 1915ರಲ್ಲಿ ಮೂವರ ಹೆಸರಿನ ಪ್ರಬಂಧ ಅಚ್ಚಾಗುವಾಗ ಹಾಲ್ಡೇನ್ ಸೈನ್ಯದಲ್ಲಿದ್ದರು. ಆ ಯುದ್ಧದಲ್ಲಿ ಗಾಯಗೊಂಡು ಸುಧಾರಿಸಿಕೊಳ್ಳಲು ಬಂದದ್ದು ಭಾರತಕ್ಕೆ. ನವೋಮಿ ಮುಂದೆ ಹೆಸರಾಂತ ಕಾದಂಬರಿಕಾರ್ತಿಯಾಗಿ 1999ರವರೆಗೆ ಬದುಕಿದ್ದರು.

ಒಂದು ವಿಚಿತ್ರ ಏನೆಂದರೆ, ಹಾಲ್ಡೇನ್ ಬಳಿ ವಿಜ್ಞಾನದ ಪದವಿಯೇ ಇರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಗಣಿತದಿಂದ ಆರಂಭಿಸಿ, ಪದವಿ ಪಡೆದದ್ದು ಗ್ರೀಕ್-ಲ್ಯಾಟಿನ್ ಸಾಹಿತ್ಯ ಮತ್ತು ತತ್ವಶಾಸ್ತ್ರದಲ್ಲಿ.

ನನ್ನ ತಂತ್ರಾಂಶದಲ್ಲಿದ್ದ ಸೂತ್ರ 1919ರದ್ದು. ಅದನ್ನು ಮಲ್ಲಿಗೆಯ ಅಟ್ಟೆಯಿಂದ ಹೇಳಿದರೆ ಶಂಕರಪುರದ ಕಡೆಯವರಿಗೆ ತಟ್ಟನೆ ಅರ್ಥವಾದೀತು. ತಂದೆಯ ಕಡೆಯಿಂದ ಬಂದದ್ದೊಂದು, ತಾಯಿಯ ಕಡೆಯಿಂದ ಬಂದದ್ದೊಂದು, ಹೀಗೆ ಒಂದೇ ಉದ್ದದ ಎರಡು ದಂಡೆಗಳನ್ನು ಪಕ್ಕಪಕ್ಕ ಇಡಿ. ಮಕ್ಕಳಿಗೆ ಕೊಡುವ ಮೊದಲು ಅವೆರಡನ್ನೂ ಅಲ್ಲಲ್ಲಿ ಕತ್ತರಿಸಿ ಅದಲುಬದಲು ಮಾಡಿ ಕಟ್ಟುತ್ತಾರೆ ಎನ್ನಿ. ಹತ್ತಿರದ ಎರಡು ಮೊಗ್ಗುಗಳ ನಡುವೆ ಕತ್ತರಿ ಬೀಳುವುದು ಅಪರೂಪ. ಅವು ಜೊತೆಯಾಗಿಯೇ ಉಳಿಯುತ್ತವೆ. ದೂರದವು ಬೇರೆಯಾಗುತ್ತವೆ. ಆದರೆ ನಡುವೆ ಎರಡು ಸಲ ಕತ್ತರಿ ಬಿದ್ದರೆ ಬೇರೆಯಾದವು ಮತ್ತೆ ಒಂದೇ ದಂಡೆಗೆ ಬಂದುಬಿಡುತ್ತವೆ, ಕತ್ತರಿ ಬಿದ್ದದ್ದೇ ನಮಗೆ ಕಾಣುವುದಿಲ್ಲ. ಕಾಣದ ಈ ಕತ್ತರಿಗಳನ್ನೂ ಸೇರಿಸಿ ನಿಜವಾದ ದೂರ ಎಷ್ಟು ಎಂದು ಹೇಳುವುದೇ ಹಾಲ್ಡೇನರ ಸೂತ್ರ. ದೂರದ ಅಳತೆಗೆ ಮಾರ್ಗನ್ ಎಂಬ ವಿಜ್ಞಾನಿಯ ಹೆಸರಿಟ್ಟವರೂ ಅವರೇ. ನೂರು ವರ್ಷ ಕಳೆದರೂ ನಾವು ಸೆಂಟಿಮಾರ್ಗನ್ ಎಂದೇ ಬರೆಯುತ್ತೇವೆ.

1923ರಲ್ಲಿ ಕೇಂಬ್ರಿಜ್ಜಿಗೆ ಹೋದರು. ಅಲ್ಲಿದ್ದಾಗ ವಿಕಾಸವಾದದ ಬಗ್ಗೆ ಪ್ರಬಂಧಗಳ ಸರಣಿಯನ್ನೇ ಬರೆದರು. ಪ್ರಕೃತಿಯ ಆಯ್ಕೆ ಎಂದು ಡಾರ್ವಿನ್ ಮಾತಿನಲ್ಲಿ ಹೇಳಿದ್ದನ್ನು ಹಾಲ್ಡೇನ್, ಫಿಶರ್, ರೈಟ್ ಈ ಮೂವರು ಗಣಿತಕ್ಕೆ ಇಳಿಸಿದರು. ಒಂದೇ ಉದಾಹರಣೆ ಸಾಕು. ಮ್ಯಾಂಚೆಸ್ಟರಿನ ಸುತ್ತ ಕಾರ್ಖಾನೆಯ ಮಸಿಯಿಂದ ಮರಗಳು ಕಪ್ಪಾದಾಗ ಬಿಳಿಯ ಪತಂಗಗಳ ಜಾಗದಲ್ಲಿ ಕಪ್ಪು ಪತಂಗಗಳು ತುಂಬಿದವು. ಇಷ್ಟು ಬೇಗ ಇದು ಆಗಬೇಕಾದರೆ ಕಪ್ಪು ಪತಂಗ ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಸಂತಾನ ಉಳಿಸಬೇಕು ಎಂದು 1924ರಲ್ಲೇ ಲೆಕ್ಕ ಕೊಟ್ಟರು. ನಂಬಿದವರು ಕಡಿಮೆ. ದಶಕಗಳ ನಂತರ ಕಾಡಿನಲ್ಲಿ ಎಣಿಸಿ ನೋಡಿದವರಿಗೆ ಆಯ್ಕೆ ಅಷ್ಟು ಬಲವಾಗಿಯೇ ಇದೆ ಎಂದು ತಿಳಿಯಿತು.

ನನಗೆ ಮುಖ್ಯವಾದದ್ದು ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋದ ಮೇಲಿನ ಕೆಲಸ. ಅದು ಹೀಮೋಫಿಲಿಯಾದ ಬಗ್ಗೆ. ನಮ್ಮ ಪಠ್ಯದಲ್ಲಿ ಕುಸುಮ ರೋಗ ಎಂದಿತ್ತು. ನಮ್ಮ ಮನೆಯಲ್ಲಿ ನೆತ್ತರು ನಿಲ್ಲದ ಕಾಯಿಲೆ ಎನ್ನುತ್ತಿದ್ದರು. ಈ ರೋಗದ ಜೀನ್ ಎಕ್ಸ್ ಎಂಬ ವರ್ಣತಂತುವಿನಲ್ಲಿದೆ. ಹೆಂಗಸರಿಗೆ ಎರಡು ಎಕ್ಸ್, ಗಂಡಸರಿಗೆ ಒಂದೇ. ಹೆಂಗಸಿನ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾಪಾಡುತ್ತದೆ, ಆದರೆ ಕೆಟ್ಟದ್ದು ಮಗನಿಗೆ ಹೋದರೆ ಅವನಿಗೆ ಬದಲಿ ಇಲ್ಲ. ಹಾಗಾಗಿ ರೋಗ ಸೋದರಮಾವನಲ್ಲಿ ಕಾಣಿಸಿ, ಅಕ್ಕ-ತಂಗಿಯರಲ್ಲಿ ಅಡಗಿ, ಅಳಿಯನಲ್ಲಿ ಮತ್ತೆ ಕಾಣಿಸುತ್ತದೆ. ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ನಡೆದುಬಂದ ದಾರಿಯೇ ಇದು! ತಮ್ಮಲೆಯಿಂದ ಅಳಿಯನಿಗೆ, ನಡುವೆ ತಂಗಿಯ ಹೊಟ್ಟೆ. ಇಂಗ್ಲೆಂಡಿನವರಿಗೆ ಚಿತ್ರ ಬಿಡಿಸಿ ವಿವರಿಸಬೇಕಾದದ್ದು ತುಳುನಾಡಿನ ಅಜ್ಜಿಯರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ.

ಹಾಲ್ಡೇನರಿಗೆ ಬಂದ ಪ್ರಶ್ನೆ ಬಹಳ ಸರಳ. ಆ ಕಾಲದಲ್ಲಿ ಈ ರೋಗದ ಹುಡುಗರಲ್ಲಿ ಹೆಚ್ಚಿನವರು ಮದುವೆ, ಮಕ್ಕಳು ಆಗುವ ಮೊದಲೇ ಸಾಯುತ್ತಿದ್ದರು. ಹಾಗಾದರೆ ಪ್ರತಿ ತಲೆಮಾರಿನಲ್ಲೂ ಕೆಟ್ಟ ಜೀನುಗಳು ಮಣ್ಣಾಗುತ್ತಲೇ ಇರಬೇಕಲ್ಲ, ರೋಗ ಎಂದೋ ಮುಗಿದುಹೋಗಬೇಕಿತ್ತಲ್ಲ? ದಿನಾ ನೀರು ಸೇದುತ್ತಿದ್ದರೂ ಬಾವಿಯ ಮಟ್ಟ ಇಳಿಯದಿದ್ದರೆ ಅಡಿಯಲ್ಲಿ ಒರತೆ ಇದೆ ಎಂದೇ ಅರ್ಥ. ಎಷ್ಟು ಕೊಡ ಸೇದಿದೆವೆಂದು ಎಣಿಸಿದರೆ ಒರತೆ ಎಷ್ಟೆಂದೂ ತಿಳಿಯುತ್ತದೆ. 1935ರಲ್ಲಿ ಅವರು ಮಾಡಿದ್ದು ಈ ಲೆಕ್ಕ. ಸುಮಾರು 50,000 ಸಲಕ್ಕೆ ಒಮ್ಮೆ ಒಳ್ಳೆಯ ಜೀನ್ ಹೊಸದಾಗಿ ಕೆಡುತ್ತದೆ ಎಂದು ಬಂತು. ಮನುಷ್ಯನ ಒಂದು ಜೀನ್ ಎಷ್ಟು ಸಲಕ್ಕೊಮ್ಮೆ ಬದಲಾಗುತ್ತದೆ ಎಂದು ಹೀಗೆ ಅಂದಾಜು ಮಾಡಿದ್ದರಲ್ಲಿ ಅದು ಮೊದಮೊದಲಿನದು. ಡಿಎನ್‌ಎ ಹೇಗಿದೆ ಎಂದು ಗೊತ್ತಾಗಲು ಇನ್ನೂ 18 ವರ್ಷ ಇತ್ತು ಎಂಬುದನ್ನು ನೆನಪಿಡಿ. ಅದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಬಿತ್ತು: ಇಂಥ ರೋಗಿಗಳಲ್ಲಿ ಮೂರನೇ ಒಂದರಷ್ಟು ಮಂದಿಗೆ ಅದು ಹಿರಿಯರಿಂದ ಬಂದದ್ದೇ ಅಲ್ಲ, ಅವರಲ್ಲೇ ಹೊಸದಾಗಿ ಹುಟ್ಟಿದ್ದು. ಯಾವ ವಂಶದ ಮೇಲೂ ಶಾಪ, ದೋಷ ಹೊರಿಸಬೇಕಾಗಿಲ್ಲ.

1937ರಲ್ಲಿ ಜೂಲಿಯಾ ಬೆಲ್ ಜೊತೆ ಸೇರಿ ಇನ್ನೊಂದು ಹೆಜ್ಜೆ ಇಟ್ಟರು. ಜೂಲಿಯಾ ಬೆಲ್ ಗಣಿತ ಕಲಿತು, ಆಮೇಲೆ ವೈದ್ಯೆಯಾಗಿ, ಮನೆಮನೆಯ ವಂಶವೃಕ್ಷಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದ ಹೆಂಗಸು. ಒಂದೇ ಕುಟುಂಬದಲ್ಲಿ ಹೀಮೋಫಿಲಿಯಾವೂ ಬಣ್ಣಗುರುಡೂ ಇದ್ದರೆ ಅವೆರಡೂ ಹೆಚ್ಚಾಗಿ ಜೊತೆಯಾಗಿಯೇ ಇಳಿದುಬರುತ್ತವೆ ಎಂದು ಇಬ್ಬರೂ ತೋರಿಸಿದರು. ಅಂದರೆ ದಂಡೆಯಲ್ಲಿ ಅವು ಹತ್ತಿರದ ಮೊಗ್ಗುಗಳು. ಮನುಷ್ಯನ ಎರಡು ಜೀನುಗಳು ಅಕ್ಕಪಕ್ಕ ಇವೆ ಎಂದು ತೋರಿಸಿದ ಮೊದಲ ಲೆಕ್ಕ ಅದು. ಇಂದು ನಾವು ಯಂತ್ರದಲ್ಲಿ ಲಕ್ಷಗಟ್ಟಲೆ ಗುರುತುಗಳನ್ನು ಹಾಕಿ ಮಾಡುವ ಕೆಲಸದ ಬೀಜ ಆ ಕಾಗದದಲ್ಲಿದೆ. ಅವರಿಗೆ ಇದ್ದದ್ದು ಪೆನ್ಸಿಲ್, ಕಾಗದ, ಮತ್ತು ಬೇರೆಯವರ ಮನೆಯ ದುಃಖದ ಪಟ್ಟಿ.

ಮಲೇರಿಯಾದ ವಿಷಯವನ್ನು ಬಿಡಲಾರೆ, ನಮ್ಮ ಕರಾವಳಿಯಲ್ಲಿ ಅದನ್ನು ಕಾಣದ ಮನೆ ಕಡಿಮೆ. 1949ರಲ್ಲಿ ಅಚ್ಚಾದ ಬರಹದಲ್ಲಿ ಹಾಲ್ಡೇನ್ ಒಂದು ಊಹೆ ಮುಂದಿಟ್ಟರು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಜೀನ್ ಮೆಡಿಟರೇನಿಯನ್ ಕಡೆ ಇಷ್ಟು ಹೆಚ್ಚಿರುವುದು ಏಕೆ? ಒಂದೇ ಪ್ರತಿ ಹೊತ್ತವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತಿರಬಹುದು ಎಂದರು. 1954ರಲ್ಲಿ ಆಫ್ರಿಕಾದ ಕುಡುಗೋಲು ರಕ್ತಕಣದ ಬಗ್ಗೆ ಆಲಿಸನ್ ಎಂಬವರು ಅದೇ ಬಗೆಯ ಸಾಕ್ಷ್ಯ ಕೊಟ್ಟರು. ಅದೇ ಕುಡುಗೋಲು ಕಣವನ್ನು ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ 1952ರಲ್ಲೇ ಗುರುತಿಸಲಾಗಿತ್ತು.

ಇಷ್ಟೆಲ್ಲ ಬರೆದ ಮೇಲೆ ಅವರನ್ನು ದೇವರು ಮಾಡಿಬಿಟ್ಟೆ ಎಂದು ಯಾರೂ ಹೇಳಬಾರದು. ಹಾಲ್ಡೇನ್ ಜಗಳಗಂಟರು. ಮುಂದೆ ಅವರ ಮೊದಲ ಹೆಂಡತಿಯಾದ ಹೆಂಗಸಿನ ವಿಚ್ಛೇದನ ಪ್ರಕರಣದಲ್ಲಿ ಕೇಂಬ್ರಿಜ್ ಅವರನ್ನು ಕೆಲಸದಿಂದ ತೆಗೆಯಿತು. ಮೇಲ್ಮನವಿ ಸಲ್ಲಿಸಿ ಗೆದ್ದು ಮರಳಿದರು. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತಾಗ, ಅವರು ಹೇಗೆ ಸತ್ತರೆಂದು ತಿಳಿಯಲು ಗಾಳಿ ಕೆಟ್ಟ ಕೋಣೆಯೊಳಗೆ ತಾವೇ ಕುಳಿತರು. ಆ ವರ್ಷಗಳ ಪ್ರಯೋಗಗಳಲ್ಲಿ ಬೆನ್ನುಮೂಳೆಗೆ ಪೆಟ್ಟಾಯಿತು, ಕಿವಿಯ ತಮಟೆ ತೂತಾಯಿತು. ಅಷ್ಟು ಧೈರ್ಯದ ಮನುಷ್ಯ ಒಂದು ಕಡೆ ಮಾತ್ರ ಹಿಂಜರಿದರು. ಅವರು ಕಮ್ಯುನಿಸ್ಟ್ ಪಕ್ಷದಲ್ಲಿದ್ದರು. ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬವನು ಮೆಂಡೆಲನ ವಿಜ್ಞಾನವನ್ನೇ ಸುಳ್ಳೆಂದು ಸಾರಿ, ವಿಜ್ಞಾನಿಗಳನ್ನು ಮೂಲೆಗೆ ತಳ್ಳಿದ. ಹಿಂದೆ ಹಾಲ್ಡೇನರನ್ನು ಅತಿಥಿಯಾಗಿ ಬರಮಾಡಿಕೊಂಡಿದ್ದ ವವಿಲೋವ್ 1943ರಲ್ಲಿ ಜೈಲಿನಲ್ಲಿ ಸತ್ತರು. ಲೈಸೆಂಕೊ ಹೇಳುವುದು ತಪ್ಪೆಂದು ತಿಳಿಯಲು ಹಾಲ್ಡೇನರಿಗಿಂತ ಯೋಗ್ಯರು ಯಾರೂ ಇರಲಿಲ್ಲ. ಆದರೂ ನೇರವಾಗಿ ಹೇಳದೆ ಸುತ್ತಿ ಬಳಸಿ ಮಾತನಾಡಿದರು. 1950ರ ಹೊತ್ತಿಗೆ ಪಕ್ಷದಿಂದ ದೂರವಾದರೂ ಆ ಕಲೆ ಹೋಗಲಿಲ್ಲ. ನನ್ನ ಮಟ್ಟಿಗೆ ಅವರ ಜೀವನದ ದೊಡ್ಡ ಸೋಲು ಅದು.

1957ರಲ್ಲಿ, 64ರ ವಯಸ್ಸಿನಲ್ಲಿ, ಹೆಂಡತಿ ಹೆಲೆನ್ ಸ್ಪರ್ವೇ ಜೊತೆ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಗೆ ಬಂದರು. ಈಜಿಪ್ಟಿನ ಮೇಲೆ ಬ್ರಿಟನ್ ನಡೆಸಿದ ದಾಳಿಯನ್ನು ಕಾರಣವಾಗಿ ಕೊಟ್ಟರು. ಹೆಲೆನ್ ಲಂಡನ್ನಿನ ಬೀದಿಯಲ್ಲಿ ಪೊಲೀಸ್ ನಾಯಿಯ ಬಾಲ ತುಳಿದು, ದಂಡ ಕಟ್ಟಲು ಒಪ್ಪದೆ ಜೈಲಿಗೆ ಹೋದ ಕಥೆಯೂ ಅದಕ್ಕೆ ಸೇರಿಕೊಂಡಿತ್ತು. ಮಹಾಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಕೆಲಸ. ಅಲ್ಲಿ ನಮ್ಮ ರಾಜ್ಯದ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಆಗಲೇ ದೊಡ್ಡ ಹೆಸರು. ಅವರು ಕೇಂಬ್ರಿಜ್ಜಿನಲ್ಲಿ ಫಿಶರ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದವರು. ಹಾಲ್ಡೇನ್ ಕುರ್ತಾ, ಧೋತಿ ತೊಟ್ಟರು, ಸಸ್ಯಾಹಾರಿಯಾದರು, ಭಾರತದ ಪೌರತ್ವ ಪಡೆದರು.

ಅವರು ಇಲ್ಲಿ ಮಾಡಿಸಿದ ಸಂಶೋಧನೆ ಓದಿದಾಗ ನನಗೆ ನಮ್ಮ ಶಾಲೆಯೇ ಕಣ್ಣಮುಂದೆ ಬಂತು. ಬಡ ದೇಶದಲ್ಲಿ ದೊಡ್ಡ ಯಂತ್ರಗಳಿಗಾಗಿ ಕಾಯುವುದೇಕೆ, ಕಣ್ಣಿದೆ, ಎಣಿಸಲು ಬರುತ್ತದೆ, ಅಷ್ಟು ಸಾಕು ಎಂಬುದು ಅವರ ನಿಲುವು. ಎಸ್.ಕೆ. ರಾಯ್ ಎಂಬ ಶಿಷ್ಯರು ಪಾರಿಜಾತದ ಹೂವಿನ ಎಸಳುಗಳನ್ನು ಎಣಿಸಿದರು. ಪ್ರತಿ ಹೂವಿಗೆ ಎಷ್ಟೆಸಳು, ಋತು ಕಳೆದಂತೆ ಅದು ಹೇಗೆ ಬದಲಾಗುತ್ತದೆ ಎಂದು. ಅವರೇ ಎರಡು ತಳಿಯ ಭತ್ತವನ್ನು ಒಂದೇ ಗದ್ದೆಯಲ್ಲಿ ಬೆಳೆದು, ಬೇರೆಬೇರೆಯಾಗಿ ಬೆಳೆದದ್ದಕ್ಕಿಂತ ಫಸಲು ಹೆಚ್ಚಬಹುದೆಂದು ತೋರಿಸಿದರು. ದ್ರೋಣಂರಾಜು ಎಂಬ ಆಂಧ್ರದ ಯುವಕ ಲಂಟಾನದ ಯಾವ ಬಣ್ಣದ ಹೂವಿಗೆ ಯಾವ ಚಿಟ್ಟೆ ಬರುತ್ತದೆ ಎಂದು ನೋಡುತ್ತ ಕುಳಿತರು. ಕಾರ್ಕಳದ ಗುಡ್ಡಗಳಲ್ಲಿ ಲಂಟಾನಕ್ಕೇನು ಬರವೇ? ಆಂಧ್ರದಲ್ಲಿ ಮಾವ-ಸೊಸೆ ಮತ್ತು ಸೋದರ ಸಂಬಂಧದ ಮದುವೆಗಳ ಅಧ್ಯಯನವೂ ನಡೆಯಿತು. ಸೋದರಮಾವನನ್ನೇ ಮದುವೆಯಾದರೆ, ಒಂದೇ ಹಿರಿಯರ ಒಂದೇ ಜೀನ್ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಎಂಟರಲ್ಲಿ ಒಂದು. ಮಾವನ ಮಗಳನ್ನು ಆದರೆ ಹದಿನಾರರಲ್ಲಿ ಒಂದು. ಹಕ್ಕಿಗಳನ್ನು ಕೊಲ್ಲದೆ, ಅಹಿಂಸೆಯಿಂದ ಅಧ್ಯಯನ ಮಾಡುವುದರ ಬಗ್ಗೆಯೂ ಹಾಲ್ಡೇನ್ ಬರೆದರು.

ಇಲ್ಲಿಯೂ ಜಗಳ ತಪ್ಪಲಿಲ್ಲ. 1961ರ ಆರಂಭದಲ್ಲಿ ಅಮೆರಿಕದಿಂದ ಬಂದ ಕೆಲವು ವಿದ್ಯಾರ್ಥಿ ಅತಿಥಿಗಳ ಔತಣ ರದ್ದಾದ ವಿಷಯಕ್ಕೆ ಉಪವಾಸ ಕುಳಿತರು. ಮಹಾಲನೋಬಿಸ್ ಜೊತೆ ಮನಸ್ತಾಪವಾಗಿ ಸಂಸ್ಥೆ ಬಿಟ್ಟರು. ಕೊನೆಗೆ ಒಡಿಶಾದ ಮುಖ್ಯಮಂತ್ರಿ ಬಿಜು ಪಟ್ನಾಯಕ್ ಕರೆದ ಮೇಲೆ 1962ರಲ್ಲಿ ಭುವನೇಶ್ವರಕ್ಕೆ ಹೋಗಿ ಪ್ರಯೋಗಾಲಯ ಕಟ್ಟಿದರು. ಅಲ್ಲಿ ಎಸ್.ಡಿ. ಜಯಕರ್ ಜೊತೆ 1963ರಲ್ಲಿ ಬರೆದ ಒಂದು ಪ್ರಬಂಧವನ್ನು ಈಗಲೂ ಉಲ್ಲೇಖಿಸುತ್ತಾರೆ. ಅಷ್ಟರಲ್ಲಿ ಕ್ಯಾನ್ಸರ್ ಬಂತು. ಅದರ ಬಗ್ಗೆಯೇ ಒಂದು ತಮಾಷೆಯ ಪದ್ಯ ಬರೆದು ಪತ್ರಿಕೆಗೆ ಕೊಟ್ಟರು, ತಮ್ಮ ನಿಧನವಾರ್ತೆಯ ಭಾಷಣವನ್ನು ಬಿಬಿಸಿಗೆ ತಾವೇ ಧ್ವನಿಮುದ್ರಿಸಿ ಇಟ್ಟರು. 1964ರ ಡಿಸೆಂಬರ್ 1ರಂದು ತೀರಿಕೊಂಡರು. ದೇಹವನ್ನು ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ ಕೊಡಲಾಯಿತು. ಇಂಗ್ಲೆಂಡಿನಿಂದ ಬರುವಾಗ ಜೊತೆಗೆ ತಂದಿದ್ದ ಜರ್ನಲ್ ಆಫ್ ಜೆನೆಟಿಕ್ಸ್ ಎಂಬ ಪತ್ರಿಕೆ ಹೆಲೆನ್ ಕಾಲದ ನಂತರ ನಿಂತಿತ್ತು. 1985ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಅದನ್ನು ಹೊರತರುತ್ತಿದೆ.

ಈಗ ನಮ್ಮ ಮನೆಯ ಮಾತು. ಇದನ್ನು ತಂಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳೂ ಇದೇ ಶಾಲೆಯವಳು. ಅಜ್ಜಿಯ ತಮ್ಮ ಎಳೆಯ ವಯಸ್ಸಿನಲ್ಲಿ ರಕ್ತಸ್ರಾವದಿಂದ ತೀರಿಕೊಂಡರು. ಅಜ್ಜಿಯ ಗಂಡುಮಕ್ಕಳಲ್ಲಿ ಒಬ್ಬರು ಮಾವಿನ ಮರದಿಂದ ಬಿದ್ದು, ಇನ್ನೊಬ್ಬರು ಹಲ್ಲು ಕೀಳಿಸಿಕೊಂಡ ಮೇಲೆ ನೆತ್ತರು ನಿಲ್ಲದೆ ಹೋದರು. ನಾಗದೋಷ ಎಂದರು, ಆಶ್ಲೇಷಾ ಬಲಿ ಮಾಡಿಸಿದರು. ಅಮ್ಮ ನನ್ನನ್ನೂ ಅಣ್ಣನನ್ನೂ ಮರ ಹತ್ತಲು ಬಿಡಲೇ ಇಲ್ಲ. ನಮಗಿಬ್ಬರಿಗೂ ಏನೂ ಆಗಲಿಲ್ಲ. ಆದರೆ ತಂಗಿಗೆ ಬಂದ ಒಂದು ಒಳ್ಳೆಯ ಸಂಬಂಧ, ಯಾರೋ ಮಾವಂದಿರ ಕಥೆ ಹೇಳಿದ್ದರಿಂದ ತಪ್ಪಿಹೋಯಿತು. ಎರಡನೇ ಸಂಬಂಧ ಬಂದಾಗ ಅವಳೇ ಹಟ ಹಿಡಿದು ಹುಡುಗನ ಎದುರು ಎಲ್ಲವನ್ನೂ ಹೇಳಿದಳು. ಅವನು ಎದ್ದುಹೋಗಲಿಲ್ಲ. ಮೂವರೂ ಸೇರಿ ಮಣಿಪಾಲದ ಆಸ್ಪತ್ರೆಗೆ ಹೋದೆವು.

ಅಲ್ಲಿನ ವೈದ್ಯರು ಒಂದು ಕಾಗದದ ಹಿಂಬದಿಯಲ್ಲಿ ಬರೆದ ಲೆಕ್ಕ ಇದು. ತಮ್ಮನಿಗೂ ಇಬ್ಬರು ಮಕ್ಕಳಿಗೂ ಇದ್ದದ್ದರಿಂದ ಅಜ್ಜಿ ಆ ಜೀನ್ ಹೊತ್ತಿದ್ದರು. ಅಮ್ಮನಿಗೆ ಬಂದಿರುವ ಸಾಧ್ಯತೆ ಅರ್ಧ. ಬಂದಿದ್ದರೆ ಅವಳ ಇಬ್ಬರು ಗಂಡುಮಕ್ಕಳೂ ಆರೋಗ್ಯವಾಗಿ ಇರುವ ಸಾಧ್ಯತೆ ಕಾಲುಭಾಗ, ಬಂದಿರದಿದ್ದರೆ ಪೂರ್ತಿ. ಅಂದರೆ ಒಂದಕ್ಕೆ ನಾಲ್ಕು. ಹಾಗಾಗಿ ಅಮ್ಮನ ಪಾಲು ಐದರಲ್ಲಿ ಒಂದಕ್ಕೆ ಇಳಿಯಿತು, ತಂಗಿಯದು ಹತ್ತರಲ್ಲಿ ಒಂದು. ನಾನೂ ಅಣ್ಣನೂ ಆರೋಗ್ಯವಾಗಿ ಇದ್ದದ್ದೇ ತಂಗಿಯ ಪರವಾದ ಸಾಕ್ಷಿ ಎಂದು ನನಗೆ ಹೊಳೆದದ್ದು ಆಗ. ಕಂಪ್ಯೂಟರಿನಲ್ಲಿ ದಿನವೂ ಓಡಿಸುವ ಲೆಕ್ಕ, ನನ್ನ ಮನೆಯವರ ಮೇಲೆ ಒಮ್ಮೆಯೂ ಹಾಕಿ ನೋಡಿರಲಿಲ್ಲ.

ತಂಗಿ ಆ ಕಾಗದವನ್ನು ನೋಡಿ, ಹತ್ತರಲ್ಲಿ ತಾನು ಆ ಒಂದೋ ಉಳಿದ ಒಂಬತ್ತೋ ಎಂದು ಕೇಳಿದಳು. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಮುಂದಿನದು ರಕ್ತಪರೀಕ್ಷೆ. ಡಿಎನ್‌ಎಯಲ್ಲಿ ಆ ಜೀನನ್ನೇ ನೋಡುತ್ತಾರೆ. ಅವಳು ರಕ್ತ ಕೊಟ್ಟಳು. ವರದಿ ಬರುವ ಮೊದಲೇ ಇಬ್ಬರೂ ಮದುವೆಯ ದಿನ ಗೊತ್ತುಮಾಡಿಬಿಟ್ಟರು. ವರದಿಯಲ್ಲಿ ಏನಿತ್ತು ಎಂದು ಇಲ್ಲಿ ಬರೆಯಬಾರದೆಂದು ತಂಗಿ ಹೇಳಿದ್ದಾಳೆ. ಅದು ಅವಳದು.

ಬರೆಯಲು ಹೇಳಿದ್ದು ಇಷ್ಟು: ಈಗ ಈ ಕಾಯಿಲೆಗೆ ರಕ್ತ ಹೆಪ್ಪುಗಟ್ಟಿಸುವ ಅಂಶದ ಚುಚ್ಚುಮದ್ದು ಇದೆ, ಸರ್ಕಾರಿ ಆಸ್ಪತ್ರೆಯ ವ್ಯವಸ್ಥೆಯಲ್ಲೂ ಸಿಗುತ್ತದೆ, ದಾವಣಗೆರೆಯಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಇದೆ. ಮಾವಂದಿರ ಕಾಲದ ಹಾಗೆ ಸಾಯಬೇಕಾಗಿಲ್ಲ. ಮಹೋತ್ಸವದ ದಿನಗಳಲ್ಲಿ ನಾನು ಊರಲ್ಲೇ ಇರುತ್ತೇನೆ. ಯಾರ ಮನೆಯಲ್ಲಾದರೂ ಸೋದರಮಾವನಿಗೂ ಅಳಿಯನಿಗೂ ಹೀಗೆ ಆಗಿದ್ದರೆ, ಸಭೆ ಮುಗಿದ ಮೇಲೆ ಬದಿಗೆ ಕರೆದು ಹೇಳಿ. ಹಳೆಯ ಹತ್ತನೇ ತರಗತಿಯ ಕೋಣೆಯಲ್ಲಿ ಕುಳಿತು ವಂಶವೃಕ್ಷ ಬಿಡಿಸೋಣ. ಕಾಗದ, ಪೆನ್ಸಿಲ್ ನಾನು ತರುತ್ತೇನೆ.